ಸಿರಿಂಜಿನ ಗುಳ್ಳೆ ಮತ್ತು ಡಾಕ್ಟರ್ ಬ್ಯಾಂಟಿಂಗ್

ನವೆಂಬರ್ 14 ಬಂತೆಂದರೆ ನಮ್ಮ ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಭಾಷಣ ಮುಗಿದ ಮೇಲೆ ಸಾಲಾಗಿ ಕೂರಿಸಿ ಎಲ್ಲರಿಗೂ ಒಂದೊಂದು ಲಾಡು ಕೊಡುತ್ತಿದ್ದರು. ಏಳನೇ ತರಗತಿಯ ವರ್ಷ ನಾನು ನನ್ನ ಲಾಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ತಮ್ಮನಿಗೆ ಕೊಟ್ಟೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನನಗೆ ಟೈಪ್ 1 ಡಯಾಬಿಟಿಸ್ ಇದೆ ಎಂದು ಗೊತ್ತಾಗಿತ್ತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದೆ, ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ, ಯೂನಿಫಾರ್ಮ್ ಮೈಮೇಲೆ ಜೋತಾಡುತ್ತಿತ್ತು. ಅಜ್ಜಿ ದೃಷ್ಟಿ ತೆಗೆದರು, ಅಪ್ಪ ಟಾನಿಕ್ ತಂದರು. ಕೊನೆಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ವಿಷಯ ತಿಳಿಯಿತು. ನನ್ನ ದೇಹ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತ್ತು. ಇನ್ನು ಮುಂದೆ ಅದನ್ನು ದಿನವೂ ಹೊರಗಿನಿಂದಲೇ ಕೊಡಬೇಕಿತ್ತು.

ಆ ಲಾಡಿನ ಸಾಲಿನಲ್ಲಿ ನಾನು ಜೀವಂತ ಕೂತಿದ್ದಕ್ಕೆ ಕಾರಣನಾದ ಮನುಷ್ಯ ಹುಟ್ಟಿದ್ದೂ ಅದೇ ನವೆಂಬರ್ 14ರಂದು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆತನ ಹೆಸರು ಫ್ರೆಡರಿಕ್ ಬ್ಯಾಂಟಿಂಗ್. ಆತನ ಹುಟ್ಟುಹಬ್ಬವನ್ನೇ ಜಗತ್ತು ವಿಶ್ವ ಮಧುಮೇಹ ದಿನವಾಗಿ ಆಚರಿಸುತ್ತದೆ. ಆತನ ಕಥೆ ಹೇಳುವ ಮೊದಲು ನನ್ನ ಸಿರಿಂಜಿನ ಒಂದು ಗುಳ್ಳೆಯ ಕಥೆ ಹೇಳಬೇಕು.

ಹಾಸ್ಟೆಲಿನ ಬಾತ್‌ರೂಮು

ಮನೆಯಲ್ಲಿದ್ದಾಗ ಇಂಜೆಕ್ಷನ್ ಅಮ್ಮನ ಕೆಲಸವಾಗಿತ್ತು. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಂತೆ ಅಮ್ಮ ಸಿರಿಂಜನ್ನು ಟ್ಯೂಬ್‌ಲೈಟಿಗೆ ಹಿಡಿದು, ಸೂಜಿ ಮೇಲ್ಮುಖ ಮಾಡಿ, ಉಗುರಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದಳು. ಒಂದು ಗುಳ್ಳೆಯೂ ಉಳಿಯುವಂತಿರಲಿಲ್ಲ. ಸಿನಿಮಾದಲ್ಲಿ ಖಾಲಿ ಸಿರಿಂಜಿನಿಂದ ಗಾಳಿ ಚುಚ್ಚಿ ಕೊಲ್ಲುವುದನ್ನು ಅವಳು ನೋಡಿದ್ದಳು. ಗುಳ್ಳೆಯೊಂದು ಒಳಗೆ ಹೋದರೆ ಮಗುವಿನ ಹೃದಯ ನಿಂತುಹೋಗುತ್ತದೆ ಎಂಬ ಭಯ ಅವಳಿಗೆ. ಅವಳನ್ನು ನೋಡಿ ನನಗೂ ಅದೇ ಭಯವಿತ್ತು.

ಎಂಜಿನಿಯರಿಂಗ್‌ಗೆ ಸೇರಿ ಹಾಸ್ಟೆಲಿಗೆ ಬಂದ ಮೇಲೆ ಆ ಭಯದ ಜಾಗಕ್ಕೆ ಬೇರೆ ಭಯ ಬಂತು. ಯಾರಿಗಾದರೂ ಗೊತ್ತಾದರೆ? ಇಪ್ಪತ್ತೂ ತುಂಬದ ವಯಸ್ಸಿಗೆ ಶುಗರ್ ಎಂದರೆ ನಗುತ್ತಾರೆ, ಇಲ್ಲವೇ ಅಯ್ಯೋ ಪಾಪ ಎನ್ನುತ್ತಾರೆ. ಎರಡೂ ಬೇಡವಾಗಿತ್ತು. ಹಾಗಾಗಿ ಇನ್ಸುಲಿನ್ ಬಾಟಲಿಯನ್ನು ಸೋಪ್ ಡಬ್ಬಿಯಲ್ಲಿಟ್ಟುಕೊಂಡು ಬಾತ್‌ರೂಮಿಗೆ ಹೋಗಿ ಚುಚ್ಚಿಕೊಳ್ಳುತ್ತಿದ್ದೆ. ಅಲ್ಲಿ ಒಂದು ಮಂಕು ಬಲ್ಬು. ಹೊರಗೆ ಬಕೆಟ್ ಹಿಡಿದು ಬಾಗಿಲು ಬಡಿಯುವವರು. ಸರಕ್ಕನೆ ಎಳೆದು ಸರಕ್ಕನೆ ಚುಚ್ಚಿಕೊಂಡು ಹೊರಬರುವುದೇ ಅಭ್ಯಾಸವಾಯಿತು. ಸಿರಿಂಜಿನಲ್ಲಿ ಎಷ್ಟು ಔಷಧ, ಎಷ್ಟು ಗಾಳಿ ಎಂದು ನೋಡುವ ವ್ಯವಧಾನವಾಗಲಿ ಬೆಳಕಾಗಲಿ ಇರಲಿಲ್ಲ.

ಮೊದಲ ಇಂಟರ್ನಲ್ಸ್ ಹೊತ್ತಿಗೆ ಜ್ವರ ಬಂತು. ಎರಡು ಮಧ್ಯಾಹ್ನ ಕ್ಲಾಸಿನಿಂದ ಎದ್ದು ಬರಲು ಸಂಕೋಚಪಟ್ಟು ಇನ್ಸುಲಿನ್ ತಪ್ಪಿಸಿದ್ದೆ. ಮೂರನೇ ದಿನ ವಾಂತಿ ಶುರುವಾಗಿ, ಉಸಿರು ಮೇಲಕ್ಕೆ ಹತ್ತಿತು. ರೂಂಮೇಟ್ ಆಟೊ ಹಿಡಿದು ಆಸ್ಪತ್ರೆಗೆ ಸೇರಿಸಿದ. ಏನಾಗಿದೆ ಎಂದು ಡಾಕ್ಟರ್ ಕೇಳಿದಾಗ ಪಾಪ ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿದ್ದರೆ ತಾನೇ ಗೊತ್ತಿರಲು.

ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಒಂದು ಸಿರಿಂಜ್ ಕೈಗೆ ಕೊಟ್ಟು, ದಿನವೂ ಹೇಗೆ ತೆಗೆದುಕೊಳ್ಳುತ್ತೀಯೋ ಹಾಗೇ ಎಳೆದು ತೋರಿಸು ಎಂದರು. ಎಳೆದೆ. 12 ಯೂನಿಟ್ ಗೆರೆಯವರೆಗೆ ಸರಿಯಾಗಿಯೇ ಇತ್ತು. ಅವರು ಬೈಯಲಿಲ್ಲ, ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ತೋರಿಸಿದರು ಅಷ್ಟೆ. ಮೇಲ್ತುದಿಯಲ್ಲಿ ಮೂರು ಗೆರೆಯಷ್ಟು ಬರೀ ಗಾಳಿ. ಅಂದರೆ 12 ಎಂದು ನಾನು ನಂಬಿದ್ದು 9 ಮಾತ್ರ. ಕಾಲು ಭಾಗ ಔಷಧ ನನ್ನೊಳಗೆ ಹೋಗುತ್ತಲೇ ಇರಲಿಲ್ಲ. ನಾನು ಮಲಗಿದ್ದಕ್ಕೆ ಗುಳ್ಳೆಯೊಂದೇ ಕಾರಣವಲ್ಲ, ಜ್ವರ ಮತ್ತು ತಪ್ಪಿಸಿದ ಡೋಸುಗಳೇ ದೊಡ್ಡ ಕಾರಣ. ಆದರೆ ಎಷ್ಟು ದಿನದಿಂದ ಹೀಗೆ ಕಡಿಮೆ ಹೋಗುತ್ತಿತ್ತೋ ಯಾರು ಬಲ್ಲರು.

ಆ ದಿನ ಗೊತ್ತಾಯಿತು, ಅಮ್ಮನ ಭಯ ತಪ್ಪು, ಅಮ್ಮನ ಕೆಲಸ ಸರಿ ಎಂದು. ಇನ್ಸುಲಿನ್ ಹೋಗುವುದು ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ, ರಕ್ತನಾಳಕ್ಕಲ್ಲ. ಅಲ್ಲಿ ಸೇರಿದ ಸಣ್ಣ ಗಾಳಿ ಗುಳ್ಳೆಯಿಂದ ಜೀವಕ್ಕೆ ಅಪಾಯವಿಲ್ಲ. ಗುಳ್ಳೆ ಕದಿಯುವುದು ಡೋಸನ್ನು.

ಹಾಸಿಗೆಯ ಮೇಲೆ ಕೂತು ಲೆಕ್ಕ ಹಾಕಿದೆ. 3 ಮಿಲಿಮೀಟರ್ ವ್ಯಾಸದ ಗುಳ್ಳೆಯ ಗಾತ್ರ ಸುಮಾರು 14 ಘನ ಮಿಲಿಮೀಟರ್, ಅಂದರೆ 0.014 ಮಿಲಿಲೀಟರ್. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಯು-40, ಯು-100 ಎಂದು ಎರಡು ಬಗೆ. ಒಂದು ಮಿಲಿಲೀಟರಿಗೆ 40 ಯೂನಿಟ್, ಅಥವಾ 100 ಯೂನಿಟ್. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ಅದೇ ಗುಳ್ಳೆ ಯು-40ರಲ್ಲಿ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ತಿಂದುಹಾಕುತ್ತದೆ, ಯು-100ರಲ್ಲಾದರೆ 1.4 ಯೂನಿಟ್. ಊಟಕ್ಕೆ ಮೂರೇ ಯೂನಿಟ್ ತೆಗೆದುಕೊಳ್ಳುವ ಪುಟ್ಟ ಮಗುವಿಗೆ ಅದು ಹೆಚ್ಚುಕಡಿಮೆ ಅರ್ಧ ಡೋಸು.

ಡಾಕ್ಟರಮ್ಮ ಮೊದಲಿನಿಂದ ಕಲಿಸಿದರು. ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ ಬಾಟಲಿಯನ್ನು ಕುಲುಕಬಾರದು, ನೊರೆ ಏಳುತ್ತದೆ. ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಸಿರಿಂಜಿಗೆ ಎಳೆದು ಬಾಟಲಿಯೊಳಗೆ ತಳ್ಳಬೇಕು. ಇಲ್ಲದಿದ್ದರೆ ಬಾಟಲಿಯೊಳಗೆ ಒತ್ತಡ ಕಡಿಮೆಯಾಗಿ ಔಷಧ ಸಲೀಸಾಗಿ ಬರುವುದಿಲ್ಲ, ಗುಳ್ಳೆಗಳು ಏಳುತ್ತವೆ. ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ಸೂಜಿಯ ತುದಿ ಔಷಧದೊಳಗೆ ಮುಳುಗಿರುವಂತೆ ನೋಡಿಕೊಂಡು ನಿಧಾನವಾಗಿ ಎಳೆಯಬೇಕು. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಬೇಕು. ಗೋಡೆಗೆ ಅಂಟಿಕೊಂಡಿದ್ದ ಗುಳ್ಳೆ ಬಿಡಿಸಿಕೊಂಡು ಮೇಲಕ್ಕೆ ಏರುತ್ತದೆ. ಅದನ್ನು ಬಾಟಲಿಗೇ ವಾಪಸ್ ತಳ್ಳಿ, ಗೆರೆಯವರೆಗೆ ಮತ್ತೆ ಎಳೆಯಬೇಕು. ಪೆನ್ ಬಳಸುವವರು ಪ್ರತಿ ಸಲ ಎರಡು ಯೂನಿಟ್ ಗಾಳಿಗೆ ಬಿಟ್ಟು, ಸೂಜಿಯ ತುದಿಯಲ್ಲಿ ಹನಿ ಕಂಡ ಮೇಲೆ ಡೋಸ್ ತಿರುಗಿಸಿಕೊಳ್ಳಬೇಕು. ಒಟ್ಟು ಒಂದು ನಿಮಿಷದ ಕೆಲಸ. ಆ ಒಂದು ನಿಮಿಷಕ್ಕೆ ಬೇಕಾದ್ದು ಬೆಳಕು ಮತ್ತು ಸಂಕೋಚವಿಲ್ಲದ ಜಾಗ.

ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಈ ದ್ರವ ಬಾಟಲಿಗೆ ಬಂದದ್ದು ಹೇಗೆ ಎಂದು ಓದತೊಡಗಿದೆ. ಹಾಗೆ ಸಿಕ್ಕವನು ಬ್ಯಾಂಟಿಂಗ್.

ಫೇಲಾದ ಹುಡುಗ, ರೋಗಿಗಳಿಲ್ಲದ ಡಾಕ್ಟರ್

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅಲಿಸ್ಟನ್ ಎಂಬ ಊರಿದೆ. ಅದರ ಹತ್ತಿರದ ಒಂದು ತೋಟದ ಮನೆಯಲ್ಲಿ 1891ರಲ್ಲಿ ಬ್ಯಾಂಟಿಂಗ್ ಹುಟ್ಟಿದ. ರೈತಾಪಿ ಕುಟುಂಬ, ಐವರು ಮಕ್ಕಳಲ್ಲಿ ಕೊನೆಯವನು. ನಾಚಿಕೆ ಸ್ವಭಾವ. ಅಕ್ಷರದ ತಪ್ಪುಗಳು ಜೀವನವಿಡೀ ಬಿಡಲಿಲ್ಲ. ಮಗ ಚರ್ಚಿನ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. 1910ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕಲಾ ವಿಭಾಗಕ್ಕೆ ಸೇರಿದ, ಮೊದಲ ವರ್ಷವೇ ಫೇಲಾದ. ಹೇಗೋ ಮನೆಯವರನ್ನು ಒಪ್ಪಿಸಿ 1912ರಲ್ಲಿ ವೈದ್ಯಕೀಯ ಓದಲು ಶುರು ಮಾಡಿದ.

ಆಗ ಮೊದಲ ಮಹಾಯುದ್ಧ ಬಂತು. ಸೈನ್ಯಕ್ಕೆ ಸೇರಲು ಹೋದರೆ ಕಣ್ಣು ಸರಿಯಿಲ್ಲವೆಂದು ವಾಪಸ್ ಕಳಿಸಿದರು. ಯುದ್ಧಕ್ಕೆ ಡಾಕ್ಟರುಗಳು ಬೇಕಾಗಿದ್ದರಿಂದ ಅವನ ತಂಡದವರ ಕೋರ್ಸನ್ನೇ ಅವಸರದಲ್ಲಿ ಮುಗಿಸಿ 1916ರ ಡಿಸೆಂಬರಿನಲ್ಲಿ ಪದವಿ ಕೊಟ್ಟರು. ಕೂಡಲೇ ಸೇನೆಯ ವೈದ್ಯನಾದ. 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೇ ಬಳಿ ಶೆಲ್ಲಿನ ಚೂರು ಬಲ ಮುಂಗೈಗೆ ಹೊಕ್ಕಿತು. ಆ ಗಾಯದಲ್ಲೇ ಗಂಟೆಗಟ್ಟಲೆ ಇತರ ಸೈನಿಕರಿಗೆ ಚಿಕಿತ್ಸೆ ಮಾಡುತ್ತಲೇ ಇದ್ದ. ಅದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಬಂತು.

ಪದಕ ಬಂದರೂ ಕೆಲಸ ಬರಲಿಲ್ಲ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕಲಿತ, ಆದರೆ ಅಲ್ಲಿ ಕಾಯಂ ಜಾಗ ಸಿಗಲಿಲ್ಲ. 1920ರ ಬೇಸಿಗೆಯಲ್ಲಿ ಒಂಟಾರಿಯೊದ್ದೇ ಲಂಡನ್ ಎಂಬ ಪಟ್ಟಣಕ್ಕೆ ಹೋಗಿ, ಸಾಲ ಮಾಡಿ ಮನೆ ಕೊಂಡು, ಬಾಗಿಲಿಗೆ ಬೋರ್ಡ್ ಹಾಕಿ ಕೂತ. ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ನಾಲ್ಕು ಡಾಲರ್. ಮದುವೆ ನಿಶ್ಚಯವಾಗಿದ್ದ ಹುಡುಗಿ ಶಾಲೆಯಲ್ಲಿ ಪಾಠ ಮಾಡಿ ಸಂಬಳ ತರುತ್ತಿದ್ದಳು, ಇವನು ಖಾಲಿ ಕ್ಲಿನಿಕ್ಕಿನಲ್ಲಿ ಕೂತಿದ್ದ. ಖರ್ಚಿಗಾಗಿ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಗಂಟೆಗೆ ಎರಡು ಡಾಲರಿನಂತೆ ಅರೆಕಾಲಿಕ ಪಾಠ ಮಾಡಲು ಒಪ್ಪಿಕೊಂಡ. ಡಿಗ್ರಿ ಹಿಡಿದು ಮನೆಯಲ್ಲಿ ಕೂತು ನೆಂಟರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವ ನಮ್ಮ ಸೀನಿಯರ್‌ಗಳಿಗೆ ಆ ಕ್ಲಿನಿಕ್ಕಿನ ಮೌನ ಅರ್ಥವಾದೀತು.

ನಡುರಾತ್ರಿಯ ಟಿಪ್ಪಣಿ

ಆ ಪಾರ್ಟ್‌ಟೈಮ್ ಪಾಠವೇ ಅವನ ದಾರಿ ಬದಲಿಸಿತು. 1920ರ ಅಕ್ಟೋಬರ್ ಕೊನೆಯಲ್ಲಿ, ದೇಹ ಸಕ್ಕರೆಯನ್ನು ಹೇಗೆ ಬಳಸುತ್ತದೆ ಎಂಬುದರ ಬಗ್ಗೆ ಅವನು ಪಾಠ ಮಾಡಬೇಕಿತ್ತು. ವಿಷಯ ಅವನಿಗೇ ಅಷ್ಟಾಗಿ ಗೊತ್ತಿರಲಿಲ್ಲ. ಸಿದ್ಧತೆ ಮಾಡಿಕೊಂಡು, ಮಲಗುವ ಮುನ್ನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮೋಸೆಸ್ ಬ್ಯಾರನ್ ಎಂಬ ವೈದ್ಯರ ಲೇಖನ ಓದಿದ.

ಹೊಟ್ಟೆಯಲ್ಲಿ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದಕ್ಕೆ ಎರಡು ಕೆಲಸ. ಹೆಚ್ಚಿನ ಭಾಗ ಜೀರ್ಣರಸ ತಯಾರಿಸಿ ನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ನಡುನಡುವೆ ದ್ವೀಪಗಳಂತೆ ಇರುವ ಜೀವಕೋಶಗಳ ಗುಂಪುಗಳನ್ನು 1869ರಲ್ಲೇ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಗುರುತಿಸಿದ್ದ. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ತೆಗೆದಾಗ ಅದಕ್ಕೆ ಮಧುಮೇಹ ಬಂತು. ಹಾಗಾದರೆ ಆ ದ್ವೀಪಗಳಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಯಾವುದೋ ರಸ ಇರಲೇಬೇಕು. ಅದನ್ನು ಹೊರತೆಗೆಯಲು ಹಲವರು ಯತ್ನಿಸಿ ಸೋತಿದ್ದರು. ಗ್ರಂಥಿಯನ್ನು ಅರೆದಾಗ ಜೀರ್ಣರಸವೇ ಆ ರಸವನ್ನು ನಾಶ ಮಾಡುತ್ತಿರಬಹುದು ಎಂಬ ಅನುಮಾನವಿತ್ತು. ಬ್ಯಾರನ್ ಲೇಖನದಲ್ಲಿದ್ದುದು ಕಲ್ಲು ಅಡ್ಡಬಂದು ನಾಳ ಮುಚ್ಚಿಹೋದ ಒಬ್ಬ ರೋಗಿಯ ವಿಚಾರ. ಅಲ್ಲಿ ಜೀರ್ಣರಸದ ಕೋಶಗಳು ಸತ್ತು, ದ್ವೀಪಗಳು ಮಾತ್ರ ಉಳಿದಿದ್ದವು.

ಬ್ಯಾಂಟಿಂಗ್‌ಗೆ ಅಂದು ನಿದ್ದೆ ಬರಲಿಲ್ಲ. ಅಕ್ಟೋಬರ್ 31ರ ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಪುಟ್ಟ ಟಿಪ್ಪಣಿ ಬರೆದಿಟ್ಟ. ನಾಯಿಗಳ ಈ ನಾಳವನ್ನು ಕಟ್ಟಿಹಾಕಬೇಕು, ಜೀರ್ಣರಸದ ಭಾಗ ಸೊರಗುವವರೆಗೆ ಕಾಯಬೇಕು, ಉಳಿದ ದ್ವೀಪಗಳಿಂದ ರಸ ತೆಗೆಯಬೇಕು. ಇಷ್ಟೇ ಅದರ ಸಾರ. ಅದರಲ್ಲಿ ಡಯಾಬಿಟಿಸ್ ಎಂಬ ಪದದ ಸ್ಪೆಲಿಂಗೇ ತಪ್ಪಿತ್ತು.

ಟಿಪ್ಪಣಿ ಹಿಡಿದು ಟೊರಾಂಟೊಗೆ ಹೋಗಿ ಪ್ರೊಫೆಸರ್ ಮ್ಯಾಕ್ಲಿಯೋಡ್ ಅವರನ್ನು ಕಂಡ. ಸಕ್ಕರೆಯ ಚಯಾಪಚಯದಲ್ಲಿ ಅವರು ಹೆಸರಾಂತ ತಜ್ಞರು. ಸಂಶೋಧನೆಯ ಅನುಭವವಿಲ್ಲದ, ಹಿಂದಿನವರ ಕೆಲಸ ಓದಿರದ ಈ ಯುವಕನ ಮೇಲೆ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಆದರೂ ಇಲ್ಲವೆನ್ನಲಿಲ್ಲ. ಲ್ಯಾಬ್, ಹತ್ತು ನಾಯಿ, ಒಬ್ಬ ಸಹಾಯಕ ಇಷ್ಟು ಕೊಡಲು ಒಪ್ಪಿದರು. ಸಹಾಯಕರಾಗಲು ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಚಾರ್ಲ್ಸ್ ಬೆಸ್ಟ್ ಪಾಲಿಗೆ ಬಂತು. ಆಗಷ್ಟೇ ಡಿಗ್ರಿ ಮುಗಿಸಿದ್ದ ಬೆಸ್ಟ್‌ಗೆ 22 ವರ್ಷ, ನನಗಿಂತ ಎರಡೇ ವರ್ಷ ದೊಡ್ಡವನು.

ಒಂದು ಬೇಸಿಗೆ, ಒಂದು ಜನವರಿ

1921ರ ಮೇ 17ರಂದು ಕೆಲಸ ಶುರುವಾಯಿತು. ಆ ಬೇಸಿಗೆ ಟೊರಾಂಟೊದಲ್ಲಿ ವಿಪರೀತ ಸೆಕೆ. ಮೊದಲ ವಾರಗಳಲ್ಲೇ ನಾಯಿಗಳು ಒಂದರ ಮೇಲೊಂದು ಸತ್ತವು. ಕಟ್ಟಿದ ಗಂಟುಗಳು ಸರಿಯಿಲ್ಲದೆ ಮತ್ತೆ ಕಟ್ಟಬೇಕಾಯಿತು. ಬ್ಯಾಂಟಿಂಗ್‌ಗೆ ಸಂಬಳವಿರಲಿಲ್ಲ. ಖರ್ಚಿಗೆ ಕಾರು ಮಾರಿದ. ಮ್ಯಾಕ್ಲಿಯೋಡ್ ರಜೆಗೆಂದು ಸ್ಕಾಟ್ಲೆಂಡಿಗೆ ಹೋಗಿದ್ದರು. ಇಬ್ಬರೇ ಬೆವರು ಒರೆಸಿಕೊಳ್ಳುತ್ತ ನಾಯಿಗಳನ್ನು ನೋಡಿಕೊಳ್ಳುತ್ತಿದ್ದರು.

ಜುಲೈ 30ರಂದು ಮೇದೋಜೀರಕ ತೆಗೆದ 410ನೇ ನಂಬರಿನ ನಾಯಿಗೆ ತಾವು ತಯಾರಿಸಿದ ರಸ ಚುಚ್ಚಿದರು. ಒಂದೇ ಗಂಟೆಯಲ್ಲಿ ಅದರ ರಕ್ತದ ಸಕ್ಕರೆ 200ರಿಂದ 120ಕ್ಕೆ ಇಳಿಯಿತು. ನಾಯಿ ಬದುಕಲಿಲ್ಲ, ಆದರೆ ದಾರಿ ಕಂಡಿತ್ತು. ಮುಂದೆ ಮಾರ್ಜರಿ ಎಂಬ ಹೆಸರಿನ ನಾಯಿ ಈ ಇಂಜೆಕ್ಷನ್ನಿನ ಬಲದಿಂದಲೇ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿತು. ಇಂದು ನಾವು ಚುಚ್ಚಿಕೊಳ್ಳುವ ಪ್ರತಿ ಹನಿಯ ಹಿಂದೆ ಆ ನಾಯಿಗಳ ಋಣವೂ ಇದೆ. ಅದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ.

ಇಲ್ಲೊಂದು ವಿಚಿತ್ರವಿದೆ. ನಡುರಾತ್ರಿ ಹೊಳೆದ ಆ ಐಡಿಯಾ ಕೊನೆಗೆ ಬೇಕಾಗಲೇ ಇಲ್ಲ. ನಾಳ ಕಟ್ಟಿ ವಾರಗಟ್ಟಲೆ ಕಾಯುವ ಅಗತ್ಯವೇ ಇರಲಿಲ್ಲ. ಕಸಾಯಿಖಾನೆಯಿಂದ ತಂದ ದನದ ಮೇದೋಜೀರಕವನ್ನು ಆಲ್ಕೋಹಾಲಿನಲ್ಲಿ ಸಂಸ್ಕರಿಸಿದರೆ ಸಾಕು ಎಂದು ಅದೇ ವರ್ಷದ ಕೊನೆಗೆ ಗೊತ್ತಾಯಿತು. ತಪ್ಪು ಮೆಟ್ಟಿಲೇ ಸರಿಯಾದ ಬಾಗಿಲಿಗೆ ಒಯ್ದಿತ್ತು. ಅದೇ 1921ರಲ್ಲಿ ರುಮೇನಿಯಾದ ಪೌಲೆಸ್ಕು ಎಂಬ ವಿಜ್ಞಾನಿ ಕೂಡ ಇಂಥದೇ ರಸದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು ಎಂಬುದನ್ನೂ ಹೇಳಲೇಬೇಕು.

ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞ ತಂಡಕ್ಕೆ ಸೇರಿದರು. ರಸವನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧ ಮಾಡುವುದು ಅವರ ಕೆಲಸ. ಬ್ಯಾಂಟಿಂಗ್‌ಗೆ ಕಾಯುವ ತಾಳ್ಮೆ ಇರಲಿಲ್ಲ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ತಾನೂ ಬೆಸ್ಟ್‌ನೂ ತಯಾರಿಸಿದ ಕಂದುಬಣ್ಣದ ದ್ರವ ಕೊಡಿಸಿದ. ಹುಡುಗನಿಗೆ 14 ವರ್ಷ, ತೂಕ 30 ಕಿಲೋಗಿಂತ ಕಡಿಮೆ. ಕೊಟ್ಟದ್ದು 15 ಮಿಲಿಲೀಟರ್. ನನ್ನ ಬೆಳಗಿನ ಡೋಸು 0.3 ಮಿಲಿಲೀಟರ್, ಅದರ ಐವತ್ತು ಪಟ್ಟು. ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಕಲ್ಮಶದಿಂದಾಗಿ ಚುಚ್ಚಿದ ಜಾಗ ಕೀವುಗಟ್ಟಿತು. ಪ್ರಯೋಗ ನಿಲ್ಲಿಸಬೇಕಾಯಿತು.

ಮುಂದಿನ ಹನ್ನೆರಡು ದಿನ ಕಾಲಿಪ್ ಹಗಲಿರುಳು ದುಡಿದರು. ಆಲ್ಕೋಹಾಲಿನ ಪ್ರಮಾಣ ಹೆಚ್ಚಿಸುತ್ತ ಹೋದಂತೆ ಯಾವ ಹಂತದಲ್ಲಿ ಬೇಕಾದ ವಸ್ತು ತಳಕ್ಕೆ ಕೂರುತ್ತದೆ ಎಂಬುದನ್ನು ಹಿಡಿದರು. ಜನವರಿ 23ರಂದು ಆ ಶುದ್ಧ ರಸವನ್ನು ಅದೇ ಲಿಯೊನಾರ್ಡ್‌ಗೆ ಕೊಟ್ಟರು. 520 ಇದ್ದ ಸಕ್ಕರೆ ಒಂದೇ ದಿನದಲ್ಲಿ 120ಕ್ಕೆ ಬಂತು. ಹುಡುಗ ಎದ್ದು ಓಡಾಡತೊಡಗಿದ. ಇನ್ನೂ 13 ವರ್ಷ ಬದುಕಿದ.

ಆ ದಿನಗಳಲ್ಲಿ ತಂಡದೊಳಗೆ ಒಗ್ಗಟ್ಟು ಇರಲಿಲ್ಲ ಎಂಬುದು ಓದಿದಾಗ ನನಗೆ ಆಶ್ಚರ್ಯವಾಯಿತು. ಬ್ಯಾಂಟಿಂಗ್ ಮುಂಗೋಪಿ, ಅನುಮಾನದ ಮನುಷ್ಯ. ಮ್ಯಾಕ್ಲಿಯೋಡ್ ತನ್ನ ಕೆಲಸವನ್ನು ಕಬಳಿಸುತ್ತಿದ್ದಾರೆ ಎಂದುಕೊಂಡ. ವಿಧಾನ ಹೇಳಲು ಒಪ್ಪದ ಕಾಲಿಪ್ ಜೊತೆ ಲ್ಯಾಬಿನಲ್ಲೇ ಕೈಕೈ ಮಿಲಾಯಿಸುವ ಹಂತಕ್ಕೆ ಹೋದ. ಸಾಲದ್ದಕ್ಕೆ ಆ ವಸಂತದಲ್ಲಿ ಇನ್ಸುಲಿನ್ ತಯಾರಿಕೆಯೇ ಕೈಕೊಟ್ಟಿತು. ಸಣ್ಣ ಪಾತ್ರೆಯಲ್ಲಿ ಬಂದದ್ದು ದೊಡ್ಡ ಪ್ರಮಾಣದಲ್ಲಿ ಬರಲಿಲ್ಲ. ರೋಗಿಗಳು ಕಾಯುತ್ತಿದ್ದರು, ಔಷಧವಿರಲಿಲ್ಲ. ಬ್ಯಾಂಟಿಂಗ್ ಕುಡಿತಕ್ಕೆ ಬಿದ್ದ. ಪ್ರೊಜೆಕ್ಟ್ ಟೀಮುಗಳಲ್ಲಿ ನಾವು ಮಾಡಿಕೊಳ್ಳುವ ಜಗಳಗಳನ್ನು ನೆನೆದರೆ ಇವರೂ ನಮ್ಮಂತೆಯೇ ಮನುಷ್ಯರು ಅನ್ನಿಸುತ್ತದೆ. ಆ ಬಿಕ್ಕಟ್ಟನ್ನು ಬೆಸ್ಟ್ ಮತ್ತಿತರರು ಸೇರಿ ಮೆಲ್ಲಗೆ ದಾಟಿದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಜೊತೆ ಒಪ್ಪಂದವಾಗಿ, ವರ್ಷದ ಕೊನೆಗೆ ದೊಡ್ಡ ಪ್ರಮಾಣದ ತಯಾರಿಕೆ ಸಾಧ್ಯವಾಯಿತು.

ಜೋ ಗಿಲ್‌ಕ್ರಿಸ್ಟ್ ಬ್ಯಾಂಟಿಂಗ್‌ನ ಸಹಪಾಠಿ, ಸ್ವತಃ ಡಾಕ್ಟರ್, ಸ್ವತಃ ಮಧುಮೇಹಿ. ಇನ್ಸುಲಿನ್ ಅವನಿಗೂ ಜೀವ ಕೊಟ್ಟಿತು. ಆಮೇಲೆ ಹೊಸ ಹೊಸ ಇನ್ಸುಲಿನ್ ಕಂತುಗಳು ಬಂದಾಗ ಅವನ್ನು ತನ್ನ ಮೇಲೇ ಪ್ರಯೋಗಿಸಿಕೊಳ್ಳಲು ಮುಂದೆ ಬಂದ. ಒಂದು ಕಂತು ದುರ್ಬಲ, ಇನ್ನೊಂದು ಪ್ರಬಲ ಇರುತ್ತಿದ್ದ ಕಾಲ ಅದು. ಮೊಲಗಳ ಮೇಲೆ ಪರೀಕ್ಷಿಸಿ ಯೂನಿಟ್ ಎಂಬ ಅಳತೆ ಮಾಡಿಕೊಂಡಿದ್ದರೂ ಅಂದಾಜೇ ಹೆಚ್ಚು. ಇಂದು ಬಾಟಲಿಯಲ್ಲಿರುವುದು ಎಷ್ಟು ಯೂನಿಟ್ ಎಂಬುದು ನಮಗೆ ನಿಖರವಾಗಿ ಗೊತ್ತು. ಅಂಥ ನಿಖರತೆಯನ್ನು ಸಿರಿಂಜಿನಲ್ಲಿ ಗುಳ್ಳೆ ಬಿಟ್ಟು ಹಾಳುಮಾಡಿಕೊಳ್ಳುವವರು ನಾವೇ.

ಗುಟ್ಟು ಕಾಪಾಡಿದ ಹುಡುಗಿ

ಈ ಕಥೆಯಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಸಚಿವರ ಮಗಳು. 11ನೇ ವಯಸ್ಸಿಗೆ ಮಧುಮೇಹ ಬಂತು. ಆಗ ಇದ್ದ ಚಿಕಿತ್ಸೆ ಒಂದೇ, ಉಪವಾಸ. ಸಕ್ಕರೆ ಏರದಷ್ಟು ಮಾತ್ರ ತೂಗಿ ತೂಗಿ ಊಟ ಕೊಡುವುದು. ಕಾಯಿಲೆಯಿಂದ ಸಾಯುವುದನ್ನು ಮುಂದೂಡಲು ಹಸಿವಿನಿಂದ ಸವೆಯುವುದು. ಮೂರು ವರ್ಷ ಅವಳು ಹಾಗೆ ತಡೆದುಕೊಂಡಳು. 1922ರ ಆಗಸ್ಟ್‌ನಲ್ಲಿ, 15 ತುಂಬಲು ಕೆಲವೇ ದಿನಗಳಿದ್ದಾಗ, ಟೊರಾಂಟೊದಲ್ಲಿ ಬ್ಯಾಂಟಿಂಗ್ ಬಳಿ ಬಂದಳು. ತೂಕ ಸುಮಾರು 20 ಕಿಲೊ. ಕೆಲವೇ ವಾರಗಳಲ್ಲಿ ಅವಳಿಗೆ ಮೈ ಬಂತು, ಹೊಟ್ಟೆ ತುಂಬ ಉಣ್ಣತೊಡಗಿದಳು. ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳುವುದನ್ನೂ ಕಲಿತಳು. ಆಗಿನ ಸಿರಿಂಜ್ ಗಾಜಿನದು. ಪ್ರತಿ ಸಲ ಕುದಿಸಬೇಕು. ಸೂಜಿ ದಪ್ಪ, ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಇನ್ಸುಲಿನ್ ದುರ್ಬಲವಾದ್ದರಿಂದ ಸಿರಿಂಜ್ ತುಂಬ ಚುಚ್ಚಬೇಕು, ನೋವೂ ಹೆಚ್ಚು. ನನ್ನ ಕೂದಲೆಳೆಯಂಥ ಸೂಜಿಯನ್ನು ನೋಡಿ ನಾನು ಗೊಣಗುವುದನ್ನು ಅಂದೇ ನಿಲ್ಲಿಸಿದೆ.

ಎಲಿಜಬೆತ್ ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, 1981ರಲ್ಲಿ ತನ್ನ 73ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಅವಳು ತೆಗೆದುಕೊಂಡ ಇಂಜೆಕ್ಷನ್‌ಗಳು ಸುಮಾರು 42 ಸಾವಿರ. ಆದರೆ ತನಗೆ ಮಧುಮೇಹವಿದೆ ಎಂಬುದನ್ನು ಮನೆಯ ಕೆಲವರನ್ನು ಬಿಟ್ಟು ಯಾರಿಗೂ ಅವಳು ಹೇಳಿರಲಿಲ್ಲ. ಜೀವನವಿಡೀ ಮುಚ್ಚಿಟ್ಟಿದ್ದಳು. ಅದನ್ನು ಓದಿದಾಗ ನನ್ನ ಸೋಪ್ ಡಬ್ಬಿ ನೆನಪಾಯಿತು. ಅವಳಿಗೆ ಅವಳದೇ ಕಾರಣಗಳಿದ್ದವು, ಕಾಲ ಬೇರೆ ಇತ್ತು, ಶಿಸ್ತು ನನ್ನ ಹತ್ತು ಪಟ್ಟು ಇತ್ತು. ನನಗೆ ಆ ಶಿಸ್ತು ಇಲ್ಲ, ಗುಟ್ಟು ಮಾತ್ರ ಇತ್ತು. ಗುಟ್ಟು ನನ್ನನ್ನು ಆಸ್ಪತ್ರೆಗೆ ಹಾಕಿತ್ತು.

ಒಂದು ಡಾಲರ್

1923ರ ಅಕ್ಟೋಬರಿನಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್‌ಗೆ ನೊಬೆಲ್ ಪ್ರಶಸ್ತಿ ಬಂತು. ವೈದ್ಯಕೀಯ ನೊಬೆಲ್ ಪಡೆದ ಅತಿ ಕಿರಿಯ ಇಂದಿಗೂ ಬ್ಯಾಂಟಿಂಗ್‌ನೇ, ಪ್ರಶಸ್ತಿಯ ದಿನಕ್ಕೆ ವಯಸ್ಸು 32. ಬೆಸ್ಟ್ ಹೆಸರಿಲ್ಲವೆಂದು ಸಿಟ್ಟಾಗಿ ತನ್ನ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟ. ಮ್ಯಾಕ್ಲಿಯೋಡ್ ತನ್ನ ಪಾಲಿನ ಅರ್ಧವನ್ನು ಕಾಲಿಪ್‌ಗೆ ಕೊಟ್ಟರು. ಇನ್ಸುಲಿನ್ ಪೇಟೆಂಟಿನ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಯಾರೂ ಅದನ್ನು ಏಕಸ್ವಾಮ್ಯ ಮಾಡಿಕೊಳ್ಳದಿರಲಿ, ಎಲ್ಲರಿಗೂ ಔಷಧ ಸಿಗಲಿ ಎಂಬುದು ಉದ್ದೇಶ. ಮೂರು ವರ್ಷದ ಹಿಂದೆ ತಿಂಗಳಿಗೆ ನಾಲ್ಕು ಡಾಲರ್ ಸಂಪಾದಿಸುತ್ತಿದ್ದವನು ಬರೆದ ಸಹಿ ಅದು.

ಆಮೇಲಿನ ಬದುಕು ಅಷ್ಟು ಸುಖದ್ದಲ್ಲ. ನಿಶ್ಚಯವಾಗಿದ್ದ ಮದುವೆ ಮುರಿದಿತ್ತು, ಆಮೇಲೆ ಆದ ಮದುವೆಯೂ ವಿಚ್ಛೇದನದಲ್ಲಿ ಮುಗಿಯಿತು. ಕ್ಯಾನ್ಸರ್ ಮತ್ತಿತರ ರೋಗಗಳ ಮೇಲೆ ಕೆಲಸ ಮಾಡಿದರೂ ಎರಡನೇ ಇನ್ಸುಲಿನ್ ಸಿಗಲಿಲ್ಲ. ನೆಮ್ಮದಿ ಸಿಕ್ಕಿದ್ದು ಚಿತ್ರಕಲೆಯಲ್ಲಿ. ಪ್ರಸಿದ್ಧ ಚಿತ್ರಕಾರ ಎ. ವೈ. ಜಾಕ್ಸನ್ ಜೊತೆ ಹಿಮದ ಹಳ್ಳಿಗಳಲ್ಲಿ ಅಲೆದು ಚಿತ್ರ ಬರೆದ. 1927ರಲ್ಲಿ ಇಬ್ಬರೂ ಉತ್ತರ ಧ್ರುವದ ಕಡೆಗೂ ಹೋಗಿಬಂದರು. 1934ರಲ್ಲಿ ಸರ್ ಪದವಿ ಬಂತು. ಎರಡನೇ ಮಹಾಯುದ್ಧ ಶುರುವಾದಾಗ ವಿಮಾನ ಚಾಲಕರ ಆರೋಗ್ಯದ ಸಂಶೋಧನೆಗೆ ಇಳಿದ. ಆ ಕೆಲಸದ ಮೇಲೆ ಬ್ರಿಟನ್ನಿಗೆ ಹೊರಟಿದ್ದಾಗ 1941ರ ಫೆಬ್ರುವರಿಯಲ್ಲಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಅವನಿದ್ದ ಬಾಂಬರ್ ವಿಮಾನ ಬಿತ್ತು. ಪೈಲಟ್ ಒಬ್ಬ ಉಳಿದ. ಬ್ಯಾಂಟಿಂಗ್ ತೀರಿಕೊಂಡ. ವಯಸ್ಸು 49.

ಲಂಡನ್ ಪಟ್ಟಣದಲ್ಲಿ ಆ ರಾತ್ರಿ ಟಿಪ್ಪಣಿ ಬರೆದ ಮನೆ ಈಗ ಮ್ಯೂಸಿಯಂ. ಅದರ ಅಂಗಳದಲ್ಲಿ 1989ರಿಂದ ಒಂದು ಜ್ಯೋತಿ ಉರಿಯುತ್ತಿದೆ. ಮಧುಮೇಹವನ್ನು ಪೂರ್ತಿ ಗುಣಪಡಿಸುವ ದಾರಿ ಸಿಕ್ಕ ದಿನ ಅದನ್ನು ಆರಿಸಬೇಕೆಂಬುದು ಸಂಕಲ್ಪ. ಇನ್ಸುಲಿನ್ ರೋಗವನ್ನು ವಾಸಿ ಮಾಡುವುದಿಲ್ಲ, ಬದುಕಲು ಬಿಡುತ್ತದೆ. ಉಳಿದದ್ದು ದಿನವೂ ನಾವು ಮಾಡಬೇಕಾದ ಕೆಲಸ.

ಟ್ಯೂಬ್‌ಲೈಟ್ ಕೆಳಗೆ

ಆಸ್ಪತ್ರೆಯಿಂದ ವಾಪಸ್ ಬಂದ ದಿನ ಬಾತ್‌ರೂಮಿಗೆ ಹೋಗಲಿಲ್ಲ. ರೂಮಿನಲ್ಲೇ ಟ್ಯೂಬ್‌ಲೈಟ್ ಕೆಳಗೆ ಮಂಚದ ಮೇಲೆ ಕೂತು ಬಾಟಲಿ ತೆಗೆದೆ. ಕೈ ನಡುಗುತ್ತಿತ್ತು, ಸೂಜಿಗಲ್ಲ. ರೂಂಮೇಟ್ ಪುಸ್ತಕ ಬದಿಗಿಟ್ಟು ಹತ್ತಿರ ಬಂದ. ಗಾಳಿ ಎಳೆದು ಬಾಟಲಿಗೆ ತಳ್ಳಿದ್ದು ಯಾಕೆಂದು ಕೇಳಿದ. ಒತ್ತಡದ ಲೆಕ್ಕ ಹೇಳಿದೆ. ಗುಳ್ಳೆ ತಟ್ಟಿದರೆ ಯಾಕೆ ಬಿಡುತ್ತದೆ ಎಂದು ಕೇಳಿದ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಮೇಲ್ಮೈ ಸೆಳೆತದ ಪಾಠ ಇಬ್ಬರಿಗೂ ಅಂದು ಸರಿಯಾಗಿ ಅರ್ಥವಾಯಿತು. ಯಾರೂ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಈಗ ಅವನು ಸಿರಿಂಜನ್ನು ಬೆಳಕಿಗೆ ಹಿಡಿದು ಬಗ್ ಇದೆ, ಡೀಬಗ್ ಮಾಡು ಎನ್ನುತ್ತಾನೆ. ನನ್ನ ಸಕ್ಕರೆ ಕುಸಿದರೆ ಏನು ಕೊಡಬೇಕೆಂದು ನಮ್ಮ ಸಾಲಿನ ಎಲ್ಲ ರೂಮಿನವರಿಗೂ ಗೊತ್ತಿದೆ.

ಮುಂದಿನ ವರ್ಷ ಪ್ಲೇಸ್‌ಮೆಂಟ್. ಫಾರಂಗಳಲ್ಲಿ ಆರೋಗ್ಯದ ಕಾಲಂ ಇರುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದಾರೆ. ಅಲ್ಲಿ ಏನು ಬರೆಯಬೇಕು ಎಂಬ ಯೋಚನೆ ಎಷ್ಟೋ ರಾತ್ರಿ ನಿದ್ದೆ ಕೆಡಿಸಿದೆ. ಇದ್ದದ್ದನ್ನೇ ಬರೆಯುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಅದರಿಂದ ಒಂದು ಕೆಲಸ ತಪ್ಪಿದರೂ ತಪ್ಪಬಹುದು. ಮಂಕು ಬೆಳಕಿನಲ್ಲಿ ಅಡಗಿ ಕೂತರೆ ಏನು ತಪ್ಪುತ್ತದೆ ಎಂಬುದನ್ನು ಈಗಾಗಲೇ ನೋಡಿದ್ದೇನೆ.

ನಿಮ್ಮ ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ಯಾರಾದರೂ ಊಟಕ್ಕೆ ಮುನ್ನ ಸುಮ್ಮನೆ ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ ಬಾಗಿಲು ಬಡಿಯಬೇಡಿ. ಹೊರಬಂದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ಜಾಗ ಮಾಡಿಕೊಡಿ. ಬರುವ ನವೆಂಬರ್ 14ಕ್ಕೆ ನಾನು ಊರಿನಲ್ಲಿರುತ್ತೇನೆ. ತಮ್ಮ ಲಾಡು ತಂದರೆ ಈ ಸಲ ಅರ್ಧ ಮುರಿದು ತಿನ್ನುವ ಆಸೆ ಇದೆ. ಅದಕ್ಕೆ ಎಷ್ಟು ಯೂನಿಟ್ ಬೇಕು ಎಂಬುದನ್ನು ಡಾಕ್ಟರಮ್ಮನಿಂದ ಕಲಿತುಕೊಂಡಿದ್ದೇನೆ. ಅಮ್ಮ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡದೆ ಬಿಡುವುದಿಲ್ಲ, ನೋಡಲಿ.